ದೊಡ್ಡ ಸೈಟಿನ ಮನೆಯೊಳಗೆ ಯಾರಿದ್ದಾರೆ?

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ರಾಮನಗರದ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಗೆ ದೊಡ್ಡ ದೊಡ್ಡ ಹಲಗೆಗಳಲ್ಲಿ ಒಂದೇ ಬಗೆಯ ಚಿತ್ರ ಕಾಣಿಸುತ್ತದೆ. ಬಿಳಿ ಗೋಡೆಯ ಎರಡಂತಸ್ತಿನ ಮನೆ, ಮುಂದೆ ಹುಲ್ಲುಹಾಸು, ಹುಲ್ಲಿನ ಮೇಲೆ ಗಂಡ ಹೆಂಡತಿ ಮತ್ತು ಎರಡು ಮಕ್ಕಳು, ಹಿಂದೆ ನಗುತ್ತಾ ನಿಂತಿರುವ ಅಜ್ಜ ಅಜ್ಜಿ. ಕನಕಪುರ ರಸ್ತೆಯಲ್ಲೂ ಮಾಗಡಿ ರಸ್ತೆಯಲ್ಲೂ ಇದೇ ಕುಟುಂಬ ನಮ್ಮನ್ನು ಸ್ವಾಗತಿಸುತ್ತದೆ. ಬಡಾವಣೆಯ ಹೆಸರು ಮಾತ್ರ ಬೇರೆ. ಮೂವತ್ತು ನಲವತ್ತರ ಸೈಟಿನಲ್ಲಿ ಬೆಂಗಳೂರಿನೊಳಗೆ ಉಸಿರು ಕಟ್ಟಿ ಬದುಕಿದವರಿಗೆ ಅರವತ್ತು ಎಂಬತ್ತರ ಸೈಟಿನಲ್ಲಿ, ಸಾಧ್ಯವಾದರೆ ಐದಾರು ಗುಂಟೆಯಲ್ಲಿ, ಮರಗಿಡಗಳ ನಡುವೆ ಇಡೀ ಸಂಸಾರ ಒಟ್ಟಿಗೆ ಇರುವ ಆಸೆ ಹುಟ್ಟಿದರೆ ಅದರಲ್ಲಿ ತಪ್ಪೇನೂ ಇಲ್ಲ. ಈ ಆಸೆಯನ್ನು ಗೇಲಿ ಮಾಡುವ ಉದ್ದೇಶ ಈ ಬರಹಕ್ಕಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ಹೊಸ ಜಿಲ್ಲೆಯಾದವು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳುವುದು ಸುಲಭವಾಯಿತು. 2023ರ ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆದು, ಬಿಡದಿ, ರಾಮನಗರ, ಚನ್ನಪಟ್ಟಣದ ಪೇಟೆಗಳನ್ನು ಕಾರುಗಳು ಪಕ್ಕಕ್ಕೆ ಬಿಟ್ಟು ಹೋಗತೊಡಗಿದವು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ಒಪ್ಪಿತು. ಒಂದು ಕಾಲಕ್ಕೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಗಿ, ಈಗ ಮಹಾನಗರದ ಹೊರ ಅಂಗಳವಾಗಿದೆ. ಸೈಟಿನ ಬೆಲೆ ಏರಲು ಹೆಸರು ಸಾಕು ಎಂಬುದು ನಮ್ಮ ದಲ್ಲಾಳಿಗಳಿಗೆ ಯಾವ ಭಾಷಾಶಾಸ್ತ್ರಜ್ಞನಿಗಿಂತಲೂ ಚೆನ್ನಾಗಿ ಗೊತ್ತು.

ಆ ಹಲಗೆಯ ಮೇಲಿನ ಚಿತ್ರವೂ ಒಂದು ಕಥೆಯೇ. ಅದರಲ್ಲಿ ಪಾತ್ರಗಳಿವೆ, ಸ್ಥಳವಿದೆ, ಸುಖಾಂತ್ಯವೂ ಇದೆ. ಕಥೆ ಬರೆಯುವವನಾಗಿ ನನಗೆ ಕುತೂಹಲವಿರುವುದು ಆ ಕಥೆಯಲ್ಲಿ ಯಾರು ಇಲ್ಲ ಎಂಬುದರ ಬಗ್ಗೆ. ಆ ಮನೆಯಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ. ಪಕ್ಕದ ಮನೆಯವರು ಇಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರೂ ಇಲ್ಲ. ಇದು ಜಾಹೀರಾತಿನವನ ತಪ್ಪು ಮಾತ್ರವಾಗಿದ್ದರೆ ಮರೆಯಬಹುದಿತ್ತು. ನಮ್ಮ ಸಿನಿಮಾ, ನಮ್ಮ ಕಥೆ ಕಾದಂಬರಿಗಳೂ ದೊಡ್ಡ ಮನೆಯನ್ನು ಬಹಳ ಸಲ ಹೀಗೆಯೇ ಕಂಡಿವೆ.

ಈ ಜಿಲ್ಲೆಯಲ್ಲಿ ಅತಿ ಹೆಚ್ಚು ಜನ ನೋಡಿರುವ ಮನೆ ಈಗ ಇಲ್ಲ. ಅದು ರಾಮದೇವರ ಬೆಟ್ಟದ ಬುಡದಲ್ಲಿ ಸಿನಿಮಾಕ್ಕಾಗಿ ಕಟ್ಟಿದ ಮನೆ. 'ಶೋಲೆ'ಯ ಚಿತ್ರೀಕರಣ ಇಲ್ಲಿ ಶುರುವಾದದ್ದು 1973ರ ಅಕ್ಟೋಬರ್‌ನಲ್ಲಿ, ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ರಂದು. ರಮೇಶ್ ಸಿಪ್ಪಿಯವರಿಗಾಗಿ ಕಲಾ ನಿರ್ದೇಶಕ ರಾಮ್ ಯೆಡೇಕರ್ ಬಂಡೆಗಳ ನಡುವೆ ರಾಮಗಢವೆಂಬ ಒಂದು ಇಡೀ ಹಳ್ಳಿಯನ್ನೇ ನಿಲ್ಲಿಸಿದರು. ಆ ಹಳ್ಳಿಯಿಂದ ಸ್ವಲ್ಪ ದೂರಕ್ಕೆ, ವಿಶಾಲವಾದ ಅಂಗಳದ ನಡುವೆ, ಠಾಕೂರ್ ಬಲದೇವ್ ಸಿಂಗನ ಮನೆ. ದೊಡ್ಡ ನಿವೇಶನ, ಊರಿನ ಅಂಚು, ಒಂದು ಕುಟುಂಬ. ಇಂದಿನ ಜಾಹೀರಾತಿನವರು ಕೇಳುವುದೆಲ್ಲ ಅಲ್ಲಿತ್ತು.

ಆ ಮನೆಗೆ ಕರೆಂಟಿಲ್ಲ, ಆದರೆ ಊರಿನಲ್ಲಿ ವೀರೂ ಹತ್ತಿ ಕೂಗಾಡಲು ನೀರಿನ ಟ್ಯಾಂಕ್ ಇದೆ ಎಂಬ ತಮಾಷೆ ಹಳೆಯದು. ನನ್ನನ್ನು ಕಾಡುವುದು ಬೇರೆಯೇ. ಮೂರು ಗಂಟೆಗೂ ಮೀರಿದ ಚಿತ್ರದಲ್ಲಿ ಆ ಮನೆಯೊಳಗೆ ಕೈಯಾಡಿಸಿ ಕೆಲಸ ಮಾಡುವವನಾಗಿ ನೆನಪಿನಲ್ಲಿ ಉಳಿಯುವವನು ರಾಮಲಾಲ್ ಒಬ್ಬನೇ. ಠಾಕೂರನ ಎರಡೂ ಕೈಗಳನ್ನು ಗಬ್ಬರ್ ಕತ್ತರಿಸಿದ್ದಾನೆ, ಹಾಗಾಗಿ ರಾಮಲಾಲನೇ ಅವನ ಕೈ. ಉಳಿದಂತೆ ಮನೆ ಖಾಲಿ. ಅಂಗಳದ ಉಯ್ಯಾಲೆ ಕಿರುಗುಟ್ಟುತ್ತದೆ, ಬಟ್ಟೆ ಮುಚ್ಚಿದ ಹೆಣಗಳು ಸಾಲಾಗಿ ಮಲಗಿವೆ. ದೇವಸ್ಥಾನಕ್ಕೆ ಹೋಗಿದ್ದ ಕಿರಿಯ ಸೊಸೆ ರಾಧಾ ಉಳಿದುಕೊಂಡಿದ್ದಾಳೆ. ತಿಜೋರಿಯ ಕೀಲಿಕೈ ಅವಳ ಬಳಿಯೇ ಇದೆ. ಕದಿಯಲು ಬಂದ ಜೈ ಮತ್ತು ವೀರೂಗೆ ಆ ಕೀಲಿಯನ್ನು ಅವಳೇ ಕೊಟ್ಟುಬಿಡುತ್ತಾಳೆ. ಮಾರನೆಯ ದಿನ ಜೈ ಅದನ್ನು ಹಿಂದಿರುಗಿಸುತ್ತಾನೆ. ರಾಮನಗರದಲ್ಲಿ ಮೊದಲು ಚಿತ್ರೀಕರಿಸಿದ್ದು ಈ ಕೀಲಿಕೈ ಹಿಂದಿರುಗಿಸುವ ದೃಶ್ಯವನ್ನೇ. ಆಮೇಲೆ ಪ್ರತಿ ಸಂಜೆ ಅವಳು ಮಹಡಿಯ ಮೊಗಸಾಲೆಯಲ್ಲಿ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗುತ್ತಾಳೆ. ಮುಸ್ಸಂಜೆಯ ಆ ಬೆಳಕಿಗಾಗಿ ದಿನಗಟ್ಟಲೆ ಕಾದು ತೆಗೆದ ದೃಶ್ಯವದು, ಇವತ್ತಿಗೂ ಎದೆ ಹಿಂಡುತ್ತದೆ. ಕೊನೆಯಲ್ಲಿ ಜೈಯ ಚಿತೆ ಉರಿಯುವುದನ್ನು ಕಿಟಕಿಯಿಂದ ನೋಡಿ, ಅವಳು ಕಿಟಕಿ ಮುಚ್ಚುತ್ತಾಳೆ. ಇಷ್ಟು ದೊಡ್ಡ ಮನೆಯಲ್ಲಿ ಒಬ್ಬ ವಿಧವೆಗೆ ಸಿಕ್ಕಿದ್ದು ಒಂದು ಕಿಟಕಿ. ಹಿಂದಿ ಸಿನಿಮಾದಲ್ಲಿ ದೊಡ್ಡ ಮನೆಯ ಕುರಿತು ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ನಿಷ್ಠುರವಾಗಿ ಹೇಳಿದ್ದು ಅಪರೂಪ ಎಂದೇ ನನ್ನ ಎಣಿಕೆ.

ಆದರೆ ಆ ಸಿನಿಮಾ ಇನ್ನೊಂದು ಮನೆಯನ್ನು ನೋಡಲೇ ಇಲ್ಲ. ರಾಮಗಢದಲ್ಲಿ ನಮಗೆ ಪರಿಚಯವಾಗುವ ಮುಸ್ಲಿಂ ಮನೆ ಕುರುಡ ಇಮಾಮ್ ಸಾಹೇಬರದು. ಅವರ ಮಗ ಅಹ್ಮದನಿಗೆ ಊರಿನಲ್ಲಿ ಕಸುಬಿಲ್ಲ. ಜಬಲ್‌ಪುರದಲ್ಲಿ ಮಾವನ ಬಳಿ ಬೀಡಿ ಕಾರ್ಖಾನೆಯ ಕೆಲಸಕ್ಕೆ ಅವನನ್ನು ಕಳಿಸುತ್ತಾರೆ, ದಾರಿಯಲ್ಲಿ ಅವನ ಕೊಲೆಯಾಗುತ್ತದೆ, ಹೆಣ ಕುದುರೆಯ ಮೇಲೆ ಬರುತ್ತದೆ. ಮಗನ ಹೆಣದ ಮುಂದೆ ನಿಂತು ಊರಿಗೆ ಧೈರ್ಯ ಹೇಳಿ ಇಮಾಮರು ಮಸೀದಿಯ ಕಡೆ ನಡೆಯುತ್ತಾರೆ. ಎ.ಕೆ. ಹಾನಗಲ್ ಅವರ ಅಭಿನಯಕ್ಕೆ ಕಣ್ಣೀರು ಹಾಕದವರು ಕಡಿಮೆ. ನಾನೂ ಹಾಕಿದ್ದೇನೆ. ಆದರೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ. ಕ್ಯಾಮರಾ ನಿಂತಿದ್ದ ಬೆಟ್ಟದಿಂದ ಇಳಿದು ಪೇಟೆಗೆ ಬಂದಿದ್ದರೆ ಅಹ್ಮದನ ವಯಸ್ಸಿನ ಎಷ್ಟೋ ಹುಡುಗರು ತಮ್ಮ ಮನೆಯ ಹಿತ್ತಲಲ್ಲೇ ಬಿಸಿನೀರಿನ ಬೋಗುಣಿಗಳ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಅವರಿಗೆ ಜಬಲ್‌ಪುರ ಬೇಕಿರಲಿಲ್ಲ. ಸಿನಿಮಾಕ್ಕೆ ತ್ಯಾಗ ಮಾಡುವ ಮುಸ್ಲಿಮ ಬೇಕಿದ್ದ, ಕಸುಬು ಮಾಡುವವನು ಬೇಕಿರಲಿಲ್ಲ. ಉರ್ದುವಿನ ಸೊಗಡನ್ನು ಬಲ್ಲ ಸಲೀಂ-ಜಾವೇದರ ಲೇಖನಿಯಿಂದಲೇ ಇದು ಬಂದದ್ದು ಎಂಬುದು ಇನ್ನಷ್ಟು ಯೋಚಿಸಬೇಕಾದ ಮಾತು.

ರಾಮನಗರದ ಆ ಮನೆಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಈಗ ದೊಡ್ಡ ಸೈಟಿಗೆ ಹೊರಟವರಲ್ಲಿ ಹಲವರು ಅಲ್ಲಿಂದಲೇ ಬಂದವರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮೈಸೂರು ಸೀಮೆಗೆ ರೇಷ್ಮೆಯನ್ನು ತಂದ. ಈ ಭಾಗದಲ್ಲಿ ಅದು ಬೇರೂರಿ, ರಾಮನಗರದ ಗೂಡಿನ ಮಾರುಕಟ್ಟೆ ದೇಶದಲ್ಲೇ ದೊಡ್ಡದೆನಿಸಿತು. ಮಾಗಡಿ, ಕನಕಪುರದ ಹಳ್ಳಿಗಳಲ್ಲಿ ಹುಳು ಸಾಕುವವರು ಹೆಚ್ಚಾಗಿ ಒಕ್ಕಲಿಗರು ಮತ್ತಿತರ ರೈತರು, ಪೇಟೆಯಲ್ಲಿ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸ್ಲಿಮರು. ಹಳ್ಳಿಯ ಮನೆಯಲ್ಲಿ ಹುಳು ಇದ್ದಾಗ ಮನೆ ಹುಳುವಿನದೇ. ನಡುಮನೆಯಲ್ಲಿ ತಟ್ಟೆಗಳು ಏರುತ್ತವೆ, ಮನೆಯವರು ಜಗಲಿಗೆ ಬರುತ್ತಾರೆ. ಬಾಗಿಲಲ್ಲಿ ಸುಣ್ಣದ ಪುಡಿ, ಹೊರಗಿನವರು ಒಳಗೆ ಬರುವಂತಿಲ್ಲ. ಹುಳುವಿಗೆ ನಾಲ್ಕು ಜ್ವರ ಕಳೆದು, ಸೊಪ್ಪು ತಿಂದು ತಿಂದು ಹಣ್ಣಾಗಿ, ಚಂದ್ರಿಕೆಗೆ ಏರುವವರೆಗೆ ಸುಮಾರು ಒಂದು ತಿಂಗಳು ಹೆಂಗಸರಿಗೆ ನಿದ್ದೆಯಿಲ್ಲ. ಆ ಗೂಡು ಪೇಟೆಗೆ ಬಂದು ಹರಾಜಾಗಿ ಸಾಬರ ಮನೆಯ ಹಿತ್ತಲಿಗೆ ಸೇರುತ್ತದೆ. ಅಲ್ಲಿ ಚರಕ, ಹೊಗೆ, ಬೆಂದ ಹುಳುವಿನ ವಾಸನೆ. ಮುಂದಿನ ಕೋಣೆಯಲ್ಲಿ ಮಕ್ಕಳು ಓದುತ್ತಾರೆ, ಹಿಂದಿನಿಂದ ಆವಿ ಬರುತ್ತದೆ. ಗೌಡರ ನಡುಮನೆ ಮತ್ತು ಸಾಬರ ಹಿತ್ತಲು ಒಂದೇ ನೂಲಿನಲ್ಲಿ ಕಟ್ಟಿಕೊಂಡಿದ್ದವು. ಚನ್ನಪಟ್ಟಣದಲ್ಲಿ ಹಾಲೆ ಮರ ಮತ್ತು ಅರಗಿನ ವಾಸನೆ ಅದೇ ರೀತಿ ಮನೆಯೊಳಗೇ ಇತ್ತು. ಅಲ್ಲಿ ಗೊಂಬೆ ಮಾಡುವವನಿಗೆ ಕಾರ್ಖಾನೆ ಬೇರೆ, ಮನೆ ಬೇರೆ ಆದದ್ದು ಇತ್ತೀಚೆಗೆ.

ಇದನ್ನು ಚೆಂದ ಮಾಡಿ ಹೇಳುವ ಚಪಲ ನನಗೂ ಇದೆ. ಉರ್ದುವಿನಲ್ಲಿ ಮಕಾನ್ ಎಂದರೆ ಕಟ್ಟಡ, ಅದರೊಳಗೆ ಬದುಕುವವನು ಮಕೀನ್, ಇಬ್ಬರೂ ಸೇರಿದರೆ ಘರ್ ಎಂದು ಶಾಲೆಯಲ್ಲಿ ಮೌಲ್ವಿ ಸಾಹೇಬರು ಹೇಳಿಕೊಟ್ಟದ್ದು ಇಲ್ಲಿ ಸರಿಯಾಗಿ ಕೂರುತ್ತದೆ ಎನಿಸುತ್ತದೆ. ಆದರೆ ಹಿತ್ತಲಲ್ಲಿ ಬೋಗುಣಿಯ ಮುಂದೆ ಕೂತಿದ್ದವರೆಲ್ಲ ಮನೆಯ ಮಕ್ಕಳಾಗಿರಲಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇತ್ತು. ಸಾಲದ ಮುಂಗಡಕ್ಕೆ ಒತ್ತೆಯಾದ ಮಕ್ಕಳು ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಎಳೆ ಹುಡುಕುವುದನ್ನು ಅದು ದಾಖಲಿಸಿತು. ಬೊಬ್ಬೆ ಬಂದ ಆ ಬೆರಳುಗಳಲ್ಲಿ ನಮ್ಮವರ ಮಕ್ಕಳವೂ ಇದ್ದವು, ಅವುಗಳಿಂದ ದುಡಿಸಿಕೊಂಡವರಲ್ಲಿ ನಮ್ಮವರೂ ಇದ್ದರು. ಪೇಟೆಯ ಕೆಲವು ಮಹಡಿ ಮನೆಗಳ ಇಟ್ಟಿಗೆಯಲ್ಲಿ ಆ ಲೆಕ್ಕ ಇದೆ. ಕಾಯಕ ತುಂಬಿದ ಹಳೆಯ ಮನೆ ಒಳ್ಳೆಯದು, ಕೆಲಸವಿಲ್ಲದ ಹೊಸ ಮನೆ ಕೆಟ್ಟದ್ದು ಎಂಬ ಸರಳ ತೀರ್ಪಿಗೆ ಇದು ಅಡ್ಡ ಬರುತ್ತದೆ, ಬರಬೇಕು ಕೂಡ. ಹಿತ್ತಲಿನ ಹೊಗೆಯಲ್ಲಿ ಉಬ್ಬಸ ಹಿಡಿಸಿಕೊಂಡ ತಾಯಿಯನ್ನು ಮಗ ಹುಲ್ಲುಹಾಸಿನ ಮನೆಗೆ ಕರೆದೊಯ್ಯಬೇಕೆಂದುಕೊಂಡರೆ ಅದನ್ನು ಆಕ್ಷೇಪಿಸುವವನು ಆ ಹೊಗೆಯನ್ನು ಕುಡಿದವನಲ್ಲ.

ಕನ್ನಡ ಕಾದಂಬರಿಗೆ ಬರೋಣ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರದು. ಚಂದ್ರಯ್ಯಗೌಡರ ಮನೆಯೊಳಗೆ ಹಿಸ್ಸೆಯ ಜಗಳ ಎಷ್ಟು ಇದೆಯೋ ಅಷ್ಟೇ ಆಳುಗಳು, ನಾಯಿಗಳು, ಗದ್ದೆಯ ಕೆಸರು, ಬೇಟೆಯ ರಕ್ತ ಇವೆ. ಆ ಮನೆ ಯಾರ ದುಡಿಮೆಯ ಮೇಲೆ ನಿಂತಿದೆ ಎಂದು ಓದುಗ ಕೇಳಬೇಕಾಗಿಯೇ ಇಲ್ಲ, ಅವರು ಪುಟಪುಟದಲ್ಲೂ ಓಡಾಡುತ್ತಾರೆ. ಅಲ್ಲಿಂದ 2013ರಲ್ಲಿ ಬಂದ ವಿವೇಕ ಶಾನಭಾಗರ 'ಘಾಚರ್ ಘೋಚರ್'ಗೆ ಬಂದರೆ ದೊಡ್ಡ ಮನೆಯ ಬಾಗಿಲು ಹಾಕಿಕೊಂಡಿದೆ. ಬೆಂಗಳೂರಿನ ಬಡ ಬೀದಿಯಲ್ಲಿ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿರುವ ಮನೆಯಲ್ಲಿ ಇರುವೆಗಳೊಂದಿಗೆ ಹೋರಾಡುತ್ತಿದ್ದ ಸಂಸಾರ ಅದು. ಅಪ್ಪನ ನಿವೃತ್ತಿಯ ಹಣ ಹಾಕಿ ಚಿಕ್ಕಪ್ಪ ಮಸಾಲೆ ಪುಡಿಯ ವ್ಯಾಪಾರ ಶುರು ಮಾಡಿದ ಮೇಲೆ ನಗರದ ಇನ್ನೊಂದು ಕಡೆಯ ಎರಡಂತಸ್ತಿನ ಮನೆಗೆ ಹೋಗುತ್ತದೆ. ಕೋಣೆಗಳು ಹೆಚ್ಚುತ್ತವೆ, ಸಾಮಾನು ತುಂಬುತ್ತವೆ, ಮನುಷ್ಯರು ಒಬ್ಬರಿಂದೊಬ್ಬರು ಕಾಣೆಯಾಗುತ್ತಾರೆ. ದುಡಿಯುವವನು ಚಿಕ್ಕಪ್ಪ ಒಬ್ಬ, ಅವನನ್ನು ಕಾಯುವುದೇ ಉಳಿದವರ ಉದ್ಯೋಗ.

ಈ ಕೃತಿಯ ಬಗ್ಗೆ ಬಂದ ವಿಮರ್ಶೆಗಳು ಹಣ ಕುಟುಂಬವನ್ನು ಹೇಗೆ ಕೆಡಿಸುತ್ತದೆ ಎಂಬುದರ ಸುತ್ತ ಸುತ್ತಿದ್ದೇ ಹೆಚ್ಚು. ನನಗೆ ಅದರ ಹೃದಯವೆನಿಸುವುದು ಬಾಗಿಲಿನ ದೃಶ್ಯ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ, ಕೈಯಲ್ಲಿ ಅವನಿಗೆ ಪ್ರಿಯವಾದ ಮಸೂರ್ ಬೇಳೆಯ ಸಾರು. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಇರುವೆಗಳ ಮೇಲೆ ಹರಿಹಾಯುತ್ತಿದ್ದ ಅದೇ ಹುರುಪು ಈಗ ಮನುಷ್ಯಳ ಮೇಲೆ. ಸೊಸೆ ಅನಿತಾ ಒಬ್ಬಳಿಗೆ ಇದು ಸಹಿಸುವುದಿಲ್ಲ. ಮುಂದೆ ಅವಳು ಊರಿಗೆ ಹೋದವಳು ಹಿಂದಿರುಗದೆ, ಏನಾಗಿರಬಹುದೆಂಬ ಭಯವನ್ನು ಮಾತ್ರ ನಮ್ಮ ಕೈಯಲ್ಲಿಟ್ಟು ಕಥೆ ನಿಲ್ಲುತ್ತದೆ. ಹಲಗೆಯ ಮೇಲೆ ನಗುತ್ತಿರುವ ಕುಟುಂಬವನ್ನು ನೋಡಿದಾಗಲೆಲ್ಲ ನನಗೆ ಆ ಸಾರಿನ ಪಾತ್ರೆ ನೆನಪಾಗುತ್ತದೆ.

ಹಾಗಿದ್ದೂ ಒಂದು ತಕರಾರಿದೆ. ಆ ಮಸಾಲೆಯ ಪೊಟ್ಟಣಗಳನ್ನು ಕಟ್ಟುವ ಕೈಗಳು ಕಥೆಯ ಅಂಚಿನಲ್ಲೇ ಉಳಿಯುತ್ತವೆ. ನಿರೂಪಕನಿಗೆ ಅವರು ಕಾಣುವುದಿಲ್ಲ, ಅದೇ ಅವನ ರೋಗ, ಲೇಖಕರು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ವಾದಿಸಬಹುದು. ವಾದ ಸರಿಯೇ. ಆದರೆ ಕುವೆಂಪು ಅವರಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ಕನ್ನಡ ಕಥನ ದೊಡ್ಡ ಮನೆಯ ಮನಸ್ಸನ್ನು ಸೂಕ್ಷ್ಮವಾಗಿ ಬಿಡಿಸಲು ಕಲಿತು, ಅದರ ಹಿತ್ತಲನ್ನು ಬಿಟ್ಟುಕೊಟ್ಟಿತು ಎಂಬ ನಷ್ಟದ ಲೆಕ್ಕವನ್ನೂ ಬರೆದಿಡಬೇಕು.

ಬಾನು ಮುಷ್ತಾಕ್ ಅವರು ಈ ಹಿತ್ತಲನ್ನು ಅಡುಗೆಮನೆಯ ಕಡೆಯಿಂದ ಪ್ರವೇಶಿಸಿದವರು. ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಮೇಲೆ ಅವರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಎರಡು ಕಥೆಗಳನ್ನಷ್ಟೇ ನೆನೆಯುತ್ತೇನೆ. ಶಾಯಿಸ್ತಾ ಮಹಲಿನ ಕಲ್ಲು ಚಪ್ಪಡಿಗಳ ಕಥೆಯಲ್ಲಿ ಗಂಡ ಹೆಂಡತಿಯ ಹೆಸರಿನಲ್ಲಿ ತಾಜಮಹಲನ್ನು ಮೀರಿಸುವ ಮಹಲು ಕಟ್ಟುವ ಮಾತಾಡುತ್ತಾನೆ. ಹಿರಿ ಮಗಳು ಓದು ಬಿಟ್ಟು ತಮ್ಮ ತಂಗಿಯರನ್ನು ಸಾಕುತ್ತಾಳೆ. ಶಾಯಿಸ್ತಾ ಬಾಣಂತನದಲ್ಲಿ ತೀರಿಕೊಂಡ ಮೇಲೆ ಅವನು ಬಹಳ ದಿನ ಕಾಯದೆ ಇನ್ನೊಂದು ಮದುವೆಯಾಗುತ್ತಾನೆ. 'ಎದೆಯ ಹಣತೆ'ಯಲ್ಲಿ ಗಂಡನಿಂದ ಬೇಸತ್ತು ತವರಿಗೆ ಬಂದ ಹೆಂಗಸನ್ನು ಅಣ್ಣಂದಿರು ಮರಳಿ ಅದೇ ಬಾಗಿಲಿಗೆ ತಂದು ಬಿಡುತ್ತಾರೆ. ತವರಿನ ಮನೆ ಸಣ್ಣದೆಂದಲ್ಲ. ಅದರಲ್ಲಿ ಅವಳ ಕೋಣೆ ಇಲ್ಲ. ಬಾನು ಅವರ ಸಿಟ್ಟು ಕೆಲವೊಮ್ಮೆ ಪಾತ್ರಕ್ಕಿಂತ ಮುಂದೆ ಓಡುತ್ತದೆ ಎಂಬ ದೂರು ನನಗಿದೆ, ಆದರೆ ಮನೆಯ ನಕ್ಷೆಯಲ್ಲಿ ಹೆಣ್ಣಿನ ಜಾಗ ಎಲ್ಲಿ ಎಂದು ಅಳೆಯುವಾಗ ಅವರ ಟೇಪು ತಪ್ಪುವುದಿಲ್ಲ.

ಇಲ್ಲಿಗೆ ನಮ್ಮ ನಾಲ್ಕು ತಾಲ್ಲೂಕಿನ ಇಂದಿನ ಸಂಗತಿ ಸೇರಬೇಕು. ದೊಡ್ಡ ಸೈಟು ಆಕಾಶದಿಂದ ಬೀಳುವುದಿಲ್ಲ. ಅದು ಯಾರದೋ ಹಿಪ್ಪುನೇರಳೆ ತೋಟ, ಯಾರದೋ ರಾಗಿ ಹೊಲ, ಯಾರದೋ ಅಜ್ಜನ ಮನೆಯ ಹಿತ್ತಲು. ಅದನ್ನು ಮಾರುವ ಮುಂಚೆ ಹೆಣ್ಣುಮಕ್ಕಳ ರುಜು ಬೇಕು. ನಮ್ಮಲ್ಲಿ ಷರೀಅತ್ ಪ್ರಕಾರ ಮಗನ ಪಾಲಿನ ಅರ್ಧ ಮಗಳಿಗೆ ಇದ್ದೇ ಇದೆ. ಹಿಂದೂ ಕುಟುಂಬಗಳಲ್ಲಿ ಕರ್ನಾಟಕದ 1994ರ ತಿದ್ದುಪಡಿ, ಆಮೇಲೆ 2005ರ ಕೇಂದ್ರದ ತಿದ್ದುಪಡಿ ಮಗಳನ್ನು ಸಮಪಾಲಿಗೆ ತಂದವು. ಕಾಗದದ ಮೇಲೆ ಎರಡೂ ಕಡೆ ಹಕ್ಕು ಸ್ಪಷ್ಟ. ಎರಡೂ ಕಡೆ ನಡೆಯುವುದೂ ಬಹುಮಟ್ಟಿಗೆ ಒಂದೇ. ಅಣ್ಣ ಫೋನು ಮಾಡುತ್ತಾನೆ, ಆಪಾ ಬಸ್ಸು ಹತ್ತಿ ಬರುತ್ತಾಳೆ, ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂರುತ್ತಾಳೆ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆರಳನ್ನೋ ರುಜುವನ್ನೋ ಹಾಕುತ್ತಾಳೆ. ತವರಿನ ಬಾಗಿಲು ಮುಚ್ಚಬಾರದೆಂದು ಪಾಲು ಬಿಡುತ್ತಾಳೆ. ಅವಳಿಗೆ ಒಂದು ಸೀರೆ, ಮಕ್ಕಳಿಗೆ ಬಿರಿಯಾನಿ. ಗೌಡರ ಮನೆಯ ಅಕ್ಕನಿಗೂ ಸೀರೆಯೇ, ಜೊತೆಗೆ ಹೋಳಿಗೆ. ಧರ್ಮ ಬೇರೆ ಇರಬಹುದು, ಈ ಬೆಂಚು ಒಂದೇ.

ಇನ್ನೊಂದು ರುಜುವೂ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಸೈಟು ವಿಚಾರಿಸಲು ಹೋದಾಗ ದಲ್ಲಾಳಿ ನನ್ನ ಹೆಸರು ಕೇಳಿದ ಮೇಲೆ ದನಿ ಬದಲಿಸಿದ್ದನ್ನು ನಾನು ಒಮ್ಮೆ ಅನುಭವಿಸಿದ್ದೇನೆ, ಆ ಬಡಾವಣೆಯಲ್ಲಿ ಹಠಾತ್ತನೆ ಎಲ್ಲ ಸೈಟೂ ಮಾರಾಟವಾಗಿಬಿಟ್ಟಿದ್ದವು. ಮನೆಗೆ ಮೊದಲು ನೆರೆಯವನನ್ನು ನೋಡು ಎಂದು ಅರಬ್ಬಿಯಲ್ಲಿ ಒಂದು ಗಾದೆಯಿದೆ. ದಲ್ಲಾಳಿಗಳು ಅದನ್ನು ತಮ್ಮದೇ ಅರ್ಥದಲ್ಲಿ ಪಾಲಿಸುತ್ತಿದ್ದಾರೆ. ಆದರೆ ನಮ್ಮವರೇ ಸೇರಿ ಮಾಡಿದ ಬಡಾವಣೆಗಳಲ್ಲೂ ನೂಲು ಬಿಚ್ಚುವವನಿಗೆ ಹಿತ್ತಲಿಲ್ಲ, ವಾಸನೆ ಬರುತ್ತದಂತೆ. ಅವನ ಗೂಡಿನ ಹಣದಲ್ಲಿ ಬೆಳೆದವರೇ ಈ ಮಾತು ಹೇಳುವುದನ್ನು ಕೇಳಿದ್ದೇನೆ.

ಠಾಕೂರನ ಮನೆಯ ದೀಪಗಳನ್ನು, ಚಿಕ್ಕಪ್ಪನ ಮನೆಯ ಬಾಗಿಲನ್ನು, ಶಾಯಿಸ್ತಾಳ ಮಹಲನ್ನು ಕೊಟ್ಟ ಕಥನ ಪರಂಪರೆಗೆ ಇದು ಭಾರವಾಗುವ ವಸ್ತುವೇನಲ್ಲ. ಆದರೂ ರಾಮನಗರದ ಹೊರವಲಯದ ಈ ಹೊಸ ಮನೆಗಳ ಕಥೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ, ನಾನೂ ಬರೆದಿಲ್ಲ. ಬರೆಯುವವರು ಹುಲ್ಲುಹಾಸಿನಿಂದ ಶುರು ಮಾಡಬೇಕಾಗಿಲ್ಲ. ಮನೆ ಒಕ್ಕಲಿನ ದಿನ, ನಮ್ಮಲ್ಲಾದರೆ ಕುರಾನ್ ಖ್ವಾನಿಯ ದಿನ, ಬೆಂಚಿನ ಮೇಲೆ ಕೂತು ರುಜು ಹಾಕಿದ ಆ ಆಪಾ ಹೊಸ ಮನೆಗೆ ಬರುತ್ತಾಳೆ. ಗೇಟಿನಲ್ಲಿ ಕಾವಲುಗಾರ ಅವಳ ಹೆಸರನ್ನು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾನೆ, ಯಾರ ಮನೆಗೆ ಎಂದು ಕೇಳುತ್ತಾನೆ. ಅವಳು ಅಣ್ಣನ ಹೆಸರು ಹೇಳುತ್ತಾಳೆ. ಮೂರು ಕೋಣೆ ಮೇಲೆ, ಎರಡು ಕೆಳಗೆ. ಅವಳು ಬುರ್ಖಾ ತೆಗೆದು ಎಲ್ಲಿ ನೇತುಹಾಕಿದಳು, ರಾತ್ರಿ ಉಳಿದಳೋ ಕಡೆಯ ಬಸ್ಸಿಗೆ ಹೊರಟಳೋ, ಅಡುಗೆಮನೆಯ ಹಿಂಬಾಗಿಲು ತೆಗೆದು ನೋಡಿದಾಗ ಅಲ್ಲಿ ಏನಿತ್ತು, ಅಷ್ಟನ್ನು ಯಾರಾದರೂ ಬರೆದರೆ ಓದಲು ನಾನಿದ್ದೇನೆ.